ಹಸನಾಗದ ಅಕ್ಕಿ

ಕಿಟಕಿಯ ಬೆಳಕಿಗೆ ಮೊರವನ್ನು ತುಸು ಓರೆ ಮಾಡಿ ಹಿಡಿದು ರತ್ನಮಾಲಾ ಅಕ್ಕಿ ನೋಡುತ್ತಿದ್ದಳು. ನೋಡಿ ಆಗಿತ್ತು. ನೋಡಿದ್ದನ್ನು ಇನ್ನೊಮ್ಮೆ ನೋಡಿಯೂ ಆಗಿತ್ತು. ತೊಳೆದು ಕುಕ್ಕರಿಗೆ ಇಡುವುದೊಂದೇ ಬಾಕಿ. ಸುರಿಯಲೆಂದು ಮೊರ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಂತಿತು. ಅಂಚಿನ ಹೆಣಿಗೆಯ ಸಂದಿನಲ್ಲಿ ಏನೋ ಕಪ್ಪಗೆ ಕಂಡಿತಲ್ಲ? ಉಗುರಿನಿಂದ ಕೆರೆದಳು. ಬಿದಿರಿನ ಕಲೆ, ಅಷ್ಟೆ. ಆದರೆ ಕಲೆ ಕೆರೆಯುವಾಗ ಕಣ್ಣು ಅಕ್ಕಿಯ ಮೇಲಿರಲಿಲ್ಲ. ಆ ಹೊತ್ತಿನಲ್ಲಿ ಒಂದು ನುಸಿ ಹರಿದು ಬಂದು ಕಾಳಿನ ಅಡಿಗೆ ಸೇರಿದ್ದರೆ?

ಮೊರ ಮತ್ತೆ ತೊಡೆಯ ಮೇಲೆ ಬಂತು.

ಗೋಡೆಯ ಆಚೆಗೇ ಮಗ್ಗದ ಶೆಡ್ಡು. ಇಚಲಕರಂಜಿಯ ಆ ಓಣಿಯಲ್ಲಿ ಹುಟ್ಟಿದ ಮಕ್ಕಳು ಲಾಳಿಯ ಖಟಾಖಟಿಯಲ್ಲೇ ಮಲಗಿ ಅದರಲ್ಲೇ ಏಳುತ್ತಾರೆ. ಸದ್ದು ನಿಂತರೆ ಮಾತ್ರ ಏನಾಯಿತೆಂದು ಹೊರಗೆ ಬಂದು ನೋಡುತ್ತಾರೆ. ಗಡಹಿಂಗ್ಲಜದಿಂದ ಸೊಸೆಯಾಗಿ ಬಂದ ಮೊದಲ ವರ್ಷ ರತ್ನಮಾಲಾಳಿಗೆ ಆ ಸದ್ದು ತಲೆ ತಿನ್ನುತ್ತಿತ್ತು. ಈಗ ಅದು ಕೇಳುವುದೇ ಇಲ್ಲ. ತಲೆಯೊಳಗೇ ಇನ್ನೊಂದು ಮಗ್ಗ ಓಡುತ್ತಿತ್ತು, ಅದಕ್ಕೆ ವಾರದ ರಜೆಯೂ ಇರಲಿಲ್ಲ.

ಹೊರಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು. ಎದುರು ಮನೆಯ ಬಾಳಕ್ಕ, ಸೊಂಟದ ಮೇಲೆ ಒಂದು ಡಬ್ಬಿ.

"ಏನವಾ ರತ್ನಾ, ಕುಂತೀ ಏನ? ನಮ್ಮ ಅಕ್ಕೀನೂ ಒಂದೀಟ ಹಸನ ಮಾಡಿ ಕೊಡವಾ. ನಾಳಿ ಮಾತಾಜಿ ಅವರ ಆಹಾರಕ್ಕ ನಾವೂ ಅಡಗಿ ಮಾಡಿ ನಿಂದ್ರಾವ್ರು. ನನ್ನ ಕಣ್ಣಿಗಿ ಈಗ ನೆಲ್ಲೂ ಕಾಣೂದಿಲ್ಲ, ಹುಳಾನೂ ಕಾಣೂದಿಲ್ಲ."

"ನೇತ್ರಾ ಇದ್ದಾಳಲ್ಲ ನಿಮ್ಮ ಮನ್ಯಾಗ?"

"ಸೊಸೀ ಕಣ್ಣೆಲ್ಲಾ ಮೊಬೈಲಿನ್ಯಾಗ ಹೋಗ್ಯಾವು. ನಿನ್ನ ಕೈಯಾಗ ಒಮ್ಮಿ ಹಾದು ಬಂತಂದ್ರ ಚಿಂತಿ ಇಲ್ಲ ನೋಡು. ಓಣಿ ತುಂಬ ಅದ ಮಾತು, ಶುದ್ಧಿ ಅಂದ್ರ ರತ್ನಮಾಲಾಂದು."

ಒಳಗಿನಿಂದ ಅತ್ತೆ ಮಾಣಿಕಬಾಯಿ ಜಪದ ಮಣಿ ಎಣಿಸುತ್ತಲೇ ಕೂಗಿ ಹೇಳಿದಳು: "ಇಟ್ಟು ಹೋಗ ಬಾಳಕ್ಕಾ. ನಮ್ಮಾಕಿ ಮಾಡ್ತಾಳು. ಅಕಿಗಿ ಅದರಾಗ ಬ್ಯಾಸರಕಿ ಅನ್ನೂದ ಗೊತ್ತಿಲ್ಲ."

ಡಬ್ಬಿ ರತ್ನಮಾಲಾಳ ಮಗ್ಗುಲಿಗೆ ಬಂದು ಕೂತಿತು. ಅವಳು ಅದನ್ನು ನೋಡಿದಳು. ಬೇಡ ಎನ್ನಲು ಬಾಯಿ ತೆರೆದಳು. "ಆಗಲ್ರಿ" ಎಂಬ ಮಾತು ಹೊರಗೆ ಬಂತು.

ಇದೆಲ್ಲ ಶುರುವಾದದ್ದು ಹೋದ ಚಾತುರ್ಮಾಸದಲ್ಲಿ. ಊರಿನ ಬಸದಿಯಲ್ಲಿ ಒಬ್ಬ ಮುನಿ ಮಹಾರಾಜರು ನಾಲ್ಕು ತಿಂಗಳು ನಿಂತಿದ್ದರು. ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು, ಯಾವುದೋ ಒಂದು ಮನೆಯಲ್ಲಿ, ನಿಂತುಕೊಂಡೇ ಅಂಗೈಯಲ್ಲಿ ಆಹಾರ ತೆಗೆದುಕೊಳ್ಳುತ್ತಾರೆ. ಯಾವ ಮನೆ ಎಂಬುದು ಅವರು ಬಂದು ನಿಂತಾಗಲೇ ತಿಳಿಯಬೇಕು. ಆದ್ದರಿಂದ ಓಣಿಯ ಮನೆಗಳಲ್ಲೆಲ್ಲ ಮಡಿಯಿಂದ ಅಡಿಗೆಯಾಗುತ್ತದೆ, ಬಾಗಿಲಲ್ಲಿ ಗಂಡ ಹೆಂಡತಿ ಕಲಶ ಹಿಡಿದು ಕಾಯುತ್ತಾರೆ. ಒಂದು ದಿನ ಮಹಾರಾಜರು ಬಂದು ರತ್ನಮಾಲಾಳ ಬಾಗಿಲಲ್ಲೇ ನಿಂತರು. ಗಂಡ ಭೂಪಾಲನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಅವರು ಮೊದಲು ನೀರು ತೆಗೆದುಕೊಂಡರು, ಆಮೇಲೆ ಹಾಲು. ಆಮೇಲೆ ರತ್ನಮಾಲಾ ತುಪ್ಪ ಬೆರೆಸಿದ ಅನ್ನದ ಎರಡನೆಯ ತುತ್ತನ್ನು ಆ ಅಂಗೈಯಲ್ಲಿ ಇಟ್ಟಳು. ಬೆಳ್ಳನೆಯ ಅನ್ನದಲ್ಲಿ ಸತ್ತ ನುಸಿಯೊಂದು ಎದ್ದು ಕಂಡಿತು.

ಅದಕ್ಕೆ ಅಂತರಾಯ ಎನ್ನುತ್ತಾರೆ. ಮುನಿಗಳು ಕೈ ಬಿಡಿಸಿ ಕೂತುಬಿಟ್ಟರು. ಇನ್ನು ಮರುದಿನದವರೆಗೆ ಅವರಿಗೆ ನೀರಿನ ಹನಿಯೂ ಇಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿ ಬಂದ ದಾರಿಯಲ್ಲೇ ಹೋದರು. ಬಿಸಿಲು ಚುರುಗುಟ್ಟುತ್ತಿತ್ತು. ಅವರ ಬರಿಗಾಲು ಡಾಂಬರಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ತಿರುವಿನಲ್ಲಿ ಮರೆಯಾಗುವವರೆಗೂ ರತ್ನಮಾಲಾ ನೋಡಿದಳು.

ಸಂಜೆ ಬಸದಿಗೆ ಹೋಗಿ ಅತ್ತು ಪ್ರಾಯಶ್ಚಿತ್ತ ಕೇಳಿದಳು. ಮಹಾರಾಜರು ಒಂದು ಮಾಲೆ ಜಪ ಹೇಳಿ, "ಮನಸ್ಸಿಗೆ ಹಚ್ಚಿಕೋಬ್ಯಾಡ ತಾಯಿ, ಇದು ನಮಗ ಆಗೂದ" ಎಂದು ನಕ್ಕರು. ಒಂದೇ ಮಾಲೆಯೇ? ಬಹುಶಃ ತಾನು ಪೂರ್ತಿ ಹೇಳಿರಲಿಲ್ಲ. ಬೆಳಿಗ್ಗೆ ಅಕ್ಕಿ ನೋಡುವಾಗ ಮಗಳ ಜಡೆ ಹಾಕಲು ಒಮ್ಮೆ ಎದ್ದು ಹೋಗಿದ್ದನ್ನು ಹೇಳಿಯೇ ಇರಲಿಲ್ಲ. ಅದನ್ನು ಹೇಳಲು ನಾಂದಣಿಯ ಮಠಕ್ಕೆ ಹೋದಳು. ಅಲ್ಲಿ ಒಂದು ಉಪವಾಸ ಸಿಕ್ಕಿತು. ತಿರುಗಿ ಬರುವಾಗ ಬೈಕಿನ ಹಿಂದೆ ಕೂತವಳಿಗೆ ನೆನಪಾಯಿತು: ಎದ್ದು ಹೋಗಿದ್ದನ್ನು ಹೇಳಿದೆ, ಬಂದು ಮತ್ತೆ ಮೊದಲಿನಿಂದ ನೋಡಲಿಲ್ಲ ಎಂಬುದನ್ನು ಹೇಳಲಿಲ್ಲ. ಮುಂದಿನ ವಾರ ಕುರುಂದವಾಡದಲ್ಲಿ ಒಬ್ಬರು ಮುನಿಗಳಿದ್ದಾರೆಂದು ತಿಳಿದು ಅಲ್ಲಿಗೆ. ಆಮೇಲೆ ಶಿರೋಳದ ಹತ್ತಿರ ಕಾಲ್ನಡಿಗೆಯ ವಿಹಾರದಲ್ಲಿದ್ದ ಆರ್ಯಿಕೆಯರ, ಅಂದರೆ ಮಾತಾಜಿಯರ, ಬಳಿಗೆ. ಕಂಡವರ ಮುಂದೆಲ್ಲ ಅದೇ ತಪ್ಪು, ಪ್ರತಿಸಲವೂ ಒಂದು ಎಳೆ ಹೆಚ್ಚು. ಪ್ರತಿ ಪ್ರಾಯಶ್ಚಿತ್ತ ಮುಗಿದ ಅರ್ಧ ದಿನ ಎದೆ ಹಗುರ; ಆಮೇಲೆ ಮೊದಲಿಗಿಂತ ಭಾರ.

ಭೂಪಾಲ ಒಳ್ಳೆಯವನು. ಮಗ್ಗ ಬಿಟ್ಟು ಬೈಕು ತೆಗೆಯುತ್ತಿದ್ದ. "ತೀರ್ಥಯಾತ್ರಾ ಆತು ಬಿಡು ನಂದೂ" ಎಂದು ನಗಿಸಲು ನೋಡುತ್ತಿದ್ದ. ಮನೆಯಲ್ಲಿ ಅವಳು ಮೊರ ತಂದು ಮುಂದೆ ಹಿಡಿದು "ನೋಡ್ರಿ, ಏನೂ ಇಲ್ಲ ಹೌದಲ್ಲ?" ಎಂದರೆ, ನೂಲಿನ ಎಳೆ ಹುಡುಕುವ ಕಣ್ಣಿನಿಂದ ನೋಡಿ "ಏನೂ ಇಲ್ಲ, ಮುತ್ತಿನಂಗ ಐತಿ" ಎನ್ನುತ್ತಿದ್ದ. ಅದೇ ಮೊರ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಅವನು ಮತ್ತೆ ಹೇಳುತ್ತಿದ್ದ. ಅವಳ ಕೈಗಳು ತೊಳೆದು ತೊಳೆದು ಬಿರುಕು ಬಿಟ್ಟು ಬೆರಳ ಸಂದಿನಲ್ಲಿ ರಕ್ತ ಕಾಣುತ್ತಿತ್ತು. ಮಧ್ಯಾಹ್ನದ ಊಟ ಸಂಜೆಗೆ ಜಾರಿತು. ಸೂರ್ಯ ಮುಳುಗಿದ ಮೇಲೆ ಉಣ್ಣದ ಮನೆಯಲ್ಲಿ ಕೆಲವು ದಿನ ಎಲ್ಲರೂ ಹಾಲು ಕುಡಿದೇ ಮಲಗಿದರು. ಮಾಣಿಕಬಾಯಿ ಅದನ್ನೂ ಉಪವಾಸದ ಪುಣ್ಯಕ್ಕೆ ಹಚ್ಚಿಕೊಂಡಳು.

ಬಾಳಕ್ಕನ ಡಬ್ಬಿ ಬಂದ ಆ ದಿನವೇ ಮಗಳ ಶಾಲೆಯಿಂದ ಫೋನು ಬಂತು. ಟೀಚರು ಮರಾಠಿಯವರು. ಪ್ರಿಯದರ್ಶನಿ ಬಹಳ ದಿನಗಳಿಂದ ಡಬ್ಬಿ ಉಣ್ಣುತ್ತಿಲ್ಲ, ಮುಚ್ಚಿ ಗೆಳತಿಗೆ ಕೊಟ್ಟುಬಿಡುತ್ತಾಳೆ, ಪ್ರಾರ್ಥನೆಯ ಹೊತ್ತಿಗೆ ಎರಡು ಸಲ ತಲೆಸುತ್ತಿ ಬಿದ್ದಳು, ಒಮ್ಮೆ ಬಂದು ನೋಡಿ ಎಂದರು.

ರತ್ನಮಾಲಾ ಹೋದಾಗ ಊಟದ ಬಿಡುವು. ಟೀಚರು ತುಟಿಯ ಮೇಲೆ ಬೆರಳಿಟ್ಟು ಕಂಬದ ಮರೆಗೆ ಕರೆದು ತೋರಿಸಿದರು. ಅಂಗಳದ ಕಟ್ಟೆಯ ಮೇಲೆ ಪ್ರಿಯದರ್ಶನಿ ಒಬ್ಬಳೇ ಕೂತಿದ್ದಳು. ಒಂಬತ್ತು ವರ್ಷದ ಹುಡುಗಿ, ಎರಡು ಜಡೆ, ಸಣ್ಣ ಕೊರಳು. ಡಬ್ಬಿ ತೆಗೆದು ಚಪಾತಿಯ ಒಂದು ಪದರ ಬಿಡಿಸಿ ಬಿಸಿಲಿಗೆ ಹಿಡಿದಳು. ಓರೆ ಮಾಡಿದಳು. ತಿರುವಿ ಇನ್ನೊಂದು ಮಗ್ಗುಲು ನೋಡಿದಳು. ಸುಟ್ಟ ಒಂದು ಕರಿಚುಕ್ಕೆಯನ್ನು ಉಗುರಿನಿಂದ ಕೆರೆದಳು. ಚಪಾತಿ ಕೆಳಗಿಟ್ಟು ನಳದ ಬಳಿಗೆ ಓಡಿ ಕೈ ತೊಳೆದು ಬಂದಳು. ಮತ್ತೆ ಎತ್ತಿ ಹಿಡಿದಳು.

ತುಸು ಓರೆ ಮಾಡುವ ಆ ಮಣಿಕಟ್ಟು, ಉಸಿರು ಹಿಡಿದ ಆ ತುಟಿ, ಎಲ್ಲ ತನ್ನದೇ. ಕನ್ನಡಿಯಲ್ಲಿಯೂ ರತ್ನಮಾಲಾ ತನ್ನನ್ನು ಅಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ.

"ಘರೀ ಕಾಹೀ ಝಾಲಂಯ್ ಕಾ?" ಎಂದು ಟೀಚರು ಮೆಲ್ಲನೆ ಕೇಳಿದರು, ಮನೆಯಲ್ಲಿ ಏನಾದರೂ ಆಗಿದೆಯೇ ಎಂದು.

ರತ್ನಮಾಲಾ ಬಿರುಕು ಬಿಟ್ಟ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮನೆಗೆ ಬಂದು ಸುದ್ದಿ ಹೇಳಿದಾಗ ಮಾಣಿಕಬಾಯಿಯ ಮುಖ ಅರಳಿತು. "ನೋಡಿದೇನ! ಈ ವಯಸ್ಸಿಗೇ ಎಷ್ಟ ಧರ್ಮ ಐತಿ ಕೂಸಿಗಿ! ಹುಟ್ಟಿದ ಮನಿತನ ಅಂದ್ರ ಹಿಂಗಿರಬೇಕು."

"ಅತ್ತೀ, ಅಕಿ ಉಪವಾಸ ಬಿದ್ದು ತಲಿ ತಿರುಗಿ ಬೀಳಾಕತ್ತಾಳು."

"ಬೆಳಿಯೂ ಕೂಸು, ಬೀಳತೈತಿ, ಏಳತೈತಿ."

ಓಣಿಯವರು ತನ್ನನ್ನು ಹೊಗಳುವಾಗ ಇಷ್ಟು ದಿನ ರತ್ನಮಾಲಾಳಿಗೆ ತುಸು ಬಿಸಿಯಾಗಿ, ತುಸು ಹಿತವಾಗಿ ಅನಿಸುತ್ತಿತ್ತು. ಅದೇ ಹೊಗಳಿಕೆ ಮಗಳ ಮೇಲೆ ಬಿದ್ದಾಗ ಅವಳಿಗೆ ಅದು ಶಾಪದಂತೆ ಕೇಳಿಸಿತು. ನನಗಾದದ್ದು ಆಗಲಿ, ಇವಳು ಹೀಗೆಯೇ ಬೆಳೆದು, ಹೀಗೆಯೇ ಮೊರ ಹಿಡಿದು, ಒಂದು ತುತ್ತೂ ನೆಮ್ಮದಿಯಿಂದ ನುಂಗದೆ ಮುದುಕಿಯಾದರೆ? ಆ ಸಂಜೆ ಅವಳು ಗಡಹಿಂಗ್ಲಜದಲ್ಲಿ ಔಷಧ ಅಂಗಡಿ ಇಟ್ಟಿರುವ ತಮ್ಮ ಅತುಲನಿಗೆ ಫೋನು ಮಾಡಿದಳು. ಮಾತು ಶುರು ಮಾಡಲಾಗದೆ ಬಹಳ ಹೊತ್ತು ಅತ್ತಳು.

ಅತುಲ ಮರುದಿನವೇ ಕಾರು ತಗೊಂಡು ಬಂದ. ಅಕ್ಕನ ಕೈ ನೋಡಿದ. ಭಾವನನ್ನು ಶೆಡ್ಡಿನ ಬಾಗಿಲಿಗೆ ಕರೆದ. ಮಗ್ಗದ ಸದ್ದಿನಲ್ಲಿ ಗುಟ್ಟು ಹೇಳಬೇಕಾದರೂ ಕೂಗಲೇಬೇಕು, ಆದ್ದರಿಂದ ರತ್ನಮಾಲಾಳಿಗೆ ಎಲ್ಲ ಕೇಳಿಸಿತು.

"ಕೊಲ್ಲಾಪುರದಾಗ ಒಬ್ಬರು ಡಾಕ್ಟರಬಾಯಿ ಇದ್ದಾರ ಮಾಮಾ. ಮನಸಿನ ಡಾಕ್ಟರು. ನಾಳಿಗಿ ಹೆಸರ ಹಚ್ಚೇನಿ."

"ಹುಚ್ಚರ ಡಾಕ್ಟರೇನ?"

"ಜ್ವರಾ ಬಂದಾವ್ರಿಗಿ ಜ್ವರದ ಡಾಕ್ಟರು. ಇದೂ ಹಂಗ."

"ಮಂದಿ ಏನಂದಾರಪಾ? ನಾಳಿ ಮಗಳು ಪಿಯೂನ ಲಗ್ನದಾಗ ಇದ ಮಾತು ತಗಿತಾರ."

"ಮಾಮಾ, ನಿಮ್ಮ ಪಿಯು ಲಗ್ನದ ತನಕ ಉಂಡು ಉಳೀಬೇಕಲ್ಲರಿ ಮೊದಲ!"

ಭೂಪಾಲ ಒಪ್ಪಿದ. ಮಾಣಿಕಬಾಯಿ ಮಾತ್ರ ಮರುದಿನ ಅವರು ಕೊಲ್ಲಾಪುರಕ್ಕೆ ಹೊರಡುವಾಗ ಬಾಗಿಲಿಗೆ ಅಡ್ಡ ನಿಂತಳು. "ದೇವರು ಧರ್ಮಾ ಮಾಡಿದ್ದಕ್ಕ ಗುಳಗಿ ನುಂಗಸ್ತಾರಂತ, ಕೇಳೀರೇನ? ಬಾಳಕ್ಕ ಕೇಳಿದ್ರ ಏನ ಹೇಳಲಿ?"

"ಕಣ್ಣ ತೋರಸಾಕ ಹೋಗ್ಯಾರಂತ ಹೇಳು" ಎಂದ ಭೂಪಾಲ. "ಸುಳ್ಳೇನ ಅಲ್ಲ. ನೋಡೂದ ಭಾಳ ಆಗೈತಿ ಅಕಿಗಿ."

ಡಾಕ್ಟರು ಐವತ್ತರ ಸುಮಾರಿನ ಹೆಂಗಸು. ಆಜರೆಯ ಕಡೆಯವರಂತೆ, ಕನ್ನಡ ತಿಳಿಯುತ್ತಿತ್ತು, ಮರಾಠಿ ಬೆರೆಸಿ ಮಾತಾಡುತ್ತಿದ್ದರು. ರತ್ನಮಾಲಾ ಎಲ್ಲ ಹೇಳುವವರೆಗೆ ಪೆನ್ನು ಎತ್ತಲಿಲ್ಲ. ಆಮೇಲೆ ಕೇಳಿದರು: "ಇದಕ್ಕ ಮೊದಲ ಯಾರಿಗರ ತೋರಿಸಿದ್ರೇನ? ಎಷ್ಟ ಡಾಕ್ಟರು?"

"ಡಾಕ್ಟರು ಯಾರಿಲ್ರಿ" ಎಂದ ಭೂಪಾಲ. "ಮಹಾರಾಜರು, ಮಾತಾಜಿ ಮಾತ್ರ ಭಾಳ ಆದ್ರು."

ಡಾಕ್ಟರು ನಗಲಿಲ್ಲ. "ಅವರೆಲ್ಲಾ ಏನ ಹೇಳಿದ್ರು?"

"ಮನಸ್ಸಿಗಿ ಹಚ್ಚಿಕೋಬ್ಯಾಡ ಅಂದ್ರು" ಎಂದಳು ರತ್ನಮಾಲಾ.

"ಬರೋಬರ್ ಹೇಳ್ಯಾರ. ಆದ್ರ ಬ್ಯಾನಿ ಅದನ್ನ ಕೇಳೂದಿಲ್ಲ. ಈ ಬ್ಯಾನಿ ಹೆಂಗಂದ್ರ, ಮನಷ್ಯಾಗ ಯಾವುದು ಭಾಳ ಪ್ರೀತಿ ಐತಿ ಅದನ್ನ ಹಿಡೀತೈತಿ. ಬಾಣಂತಿಗಿ ಕೂಸಿನ ಅಂಜಿಕಿ ಹಾಕತೈತಿ. ನಿಮಗ ಧರ್ಮ ಪ್ರೀತಿ, ನಿಮಗ ಧರ್ಮದ್ದು. ಧರ್ಮದ್ದೇನೂ ತಪ್ಪಿಲ್ಲ ಅದರಾಗ, ನಿಮ್ಮದೂ ಇಲ್ಲ."

ಗುಳಿಗೆ ಬರೆದರು. ಗುಣ ಕಾಣಲು ಕೆಲವು ವಾರ ಬೇಕು, ನಡುವೆ ಬಿಡಬಾರದು ಎಂದರು. ಆಮೇಲೆ ಕುರ್ಚಿಯಲ್ಲಿ ಮುಂದೆ ಬಾಗಿ, "ಗುಳಗಿ ಅರ್ಧಾ ಕೆಲಸ. ಇನ್ನರ್ಧಾ ಮನ್ಯಾಗ, ದಿನಾ ಮಾಡೂದು" ಎಂದರು. "ಅಕ್ಕಿ ಒಮ್ಮೆ ನೋಡ್ರಿ. ಚೆನ್ನಾಗಿ ನೋಡ್ರಿ. ಮುಗೀತು. ಎರಡನೇ ಸಲ ನೋಡಬೇಕು ಅನಸ್ತೈತಿ, ನೋಡಬ್ಯಾಡ್ರಿ. ಎದಿ ಹೊಡಕೋತೈತಿ, ಕೈ ಬೆವರತೈತಿ. ಹೊಡಕೋಲಿ. ಏರಿದ್ದು ತಾನ ಇಳೀತೈತಿ. ಅದು ಇಳಿಯೂದನ್ನ ನೀವು ಇನ್ನೂ ತನಕ ನೋಡೇ ಇಲ್ಲ, ಯಾಕಂದ್ರ ಇಳಿಯೂಕ್ಕಿಂತ ಮೊದಲ ಮೊರಾ ಹಿಡೀತೀರಿ."

"ಇಳೀಲಿಲ್ಲಂದ್ರ?"

"ಮೊದಮೊದಲ ಭಾಳ ತಡಾ ಮಾಡತೈತಿ. ತ್ರಾಸ ಆಗತೈತಿ, ಸುಳ್ಳ ಹೇಳೂದಿಲ್ಲ."

ಅವರು ಭೂಪಾಲನ ಕಡೆ ತಿರುಗಿದರು. "ಇವರು ಕೇಳಿದಾಗ ನೀವು ಏನಂತೀರಿ?"

"ಏನೂ ಇಲ್ಲ, ಚಲೋ ಐತಿ ಅಂತೀನ್ರಿ."

"ಅದನ್ನ ಬಿಡ್ರಿ."

"ಹೇಣ್ತಿಗಿ ಸಮಾಧಾನ ಹೇಳೂದೂ ತಪ್ಪೇನ್ರಿ?" ಭೂಪಾಲನ ದನಿ ಏರಿತು.

"ನಿಮ್ಮ ಒಂದ ಮಾತಿನಿಂದ ಎಷ್ಟೊತ್ತು ಸಮಾಧಾನ ಇರತೈತಿ?"

ಅವನು ಹೆಂಡತಿಯ ಮುಖ ನೋಡಿದ. ಉತ್ತರ ಇಬ್ಬರಿಗೂ ಗೊತ್ತಿತ್ತು.

"ಮತ್ತ ನನ್ನ ಮಗಳರಿ?" ರತ್ನಮಾಲಾ ಕೇಳಿದಳು. ಇಡೀ ದಾರಿ ಹೊತ್ತು ತಂದ ಪ್ರಶ್ನೆ ಅದೊಂದೇ.

"ಅಕೀನ್ನೂ ಕರಕೊಂಡ ಬರ್ರಿ, ನೋಡೂಣು. ಸಣ್ಣ ಕೂಸು, ಈಗ ಶುರು ಆಗೈತಿ. ಆದ್ರ ಅಕಿ ನನ್ನ ಮಾತಿಗಿಂತ ನಿಮ್ಮ ಕೈ ನೋಡ್ತಾಳು."

ಅತುಲ ಅಕ್ಕನನ್ನು ನಾಲ್ಕು ದಿನ ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದ. ತವರಿನಲ್ಲಿ ಅವಳ ಕೈ ಸುಮ್ಮನಿರಲಿಲ್ಲ. ತಮ್ಮನ ಹೆಂಡತಿಯ ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಬಿಸಿಲಿಗಿಟ್ಟಳು. ತಮ್ಮನ ಹೆಂಡತಿ ಮುಖ ಗಂಟು ಹಾಕಿದಳು. ಸಂಜೆ ತಂದೆ ಸತ್ಯಪ್ಪ ಬಸದಿಗೆ ಪುರಾಣ ಓದಲು ಹೊರಟಾಗ, "ನೀನೂ ಬಾ, ಇಲ್ಲಂದ್ರ ನಮ್ಮ ಮನಿ ಹಂಚೂ ತೊಳೀತಿ" ಎಂದು ಎಬ್ಬಿಸಿಕೊಂಡು ಹೋದ.

ಅವಳು ಬೆಳೆದದ್ದೇ ಆ ಓದಿನ ಬುಡದಲ್ಲಿ. ಚಿಕ್ಕಂದಿನಲ್ಲಿ ಅರ್ಥ ತಿಳಿಯುತ್ತಿರಲಿಲ್ಲ. ಪದ್ಯದ ಏರಿಳಿತ ಮಾತ್ರ ಒಳಗೆ ಇಳಿದು ಕೂತಿತ್ತು. ಅಪ್ಪನ ದನಿ ಈಗ ಒಡೆದಿತ್ತು, ಹಲ್ಲಿಲ್ಲದ ಬಾಯಲ್ಲಿ ಸಕಾರಗಳು ಜಾರುತ್ತಿದ್ದವು. ಒಂದು ಕಡೆ ಸಾಲು ತಪ್ಪಿದ. ಅವಳಿಗೆ ತಿಳಿಯಿತು, ಮುಂದೆ ಕೂತ ಮುದುಕರಿಗೂ ತಿಳಿದಿರಬೇಕು. ಅಪ್ಪ ನಿಲ್ಲಲಿಲ್ಲ. ಮುಂದಿನ ಪದ್ಯಕ್ಕೆ ಹೋದ, ಅದರ ಮುಂದಿನದಕ್ಕೆ ಹೋದ. ಕೊನೆಯಲ್ಲಿ ಎಂದಿನಂತೆ ಕೈ ಮುಗಿದು, ತಿಳಿದೋ ತಿಳಿಯದೆಯೋ ಆದ ತಪ್ಪಿಗೆಲ್ಲ ಒಟ್ಟಿಗೆ ಕ್ಷಮೆ ಕೇಳಿ ಪುಸ್ತಕ ಮುಚ್ಚಿದ.

ಬರುವ ದಾರಿಯಲ್ಲಿ ಅವಳು ಕೇಳಿದಳು: "ಅಪ್ಪಾ, ನಡುವ ಒಂದ ಸಾಲು ತಪ್ಪಿದ್ರಿ. ಗೊತ್ತಾತೇನ?"

"ಗೊತ್ತಾತಲ್ಲ."

"ತಿರಿಗಿ ಯಾಕ ಓದಲಿಲ್ಲ?"

"ಒಂದೊಂದಕ್ಕೂ ತಿರಿಗಿದ್ರ ಪುರಾಣ ಮುಗಿಯೂದು ಹೆಂಗವಾ? ತಪ್ಪ ಆಗತಾವಂತ ಗೊತ್ತಿದ್ದ ಕಡೀಗಿ ಅದೊಂದ ಮಾತು ಇಟ್ಟಾರ ಹಿರ್ಯಾರು." ಮುದುಕ ಕೋಲು ಊರಿ ನಿಂತ. "ಅದೂ ಅಲ್ಲದ, ಕೇಳಾವರು ಮನಿಗಿ ಹೋಗಬೇಕಲ್ಲ. ಸಾಂಜಿ ಊಟದ ಹೊತ್ತು."

ರತ್ನಮಾಲಾ ನಕ್ಕಳು. ನಕ್ಕು ಬಹಳ ದಿನವಾಗಿತ್ತು, ಗಂಟಲು ನೋಯಿತು. ಆದರೆ ಮನೆ ಸೇರುವಷ್ಟರಲ್ಲಿ ಇನ್ನೊಂದು ಯೋಚನೆ ಬಾಲ ಎತ್ತಿತ್ತು: ಪದ್ಯ ತಪ್ಪಿದರೆ ಯಾರೂ ಹಸಿದು ಹೋಗುವುದಿಲ್ಲ, ಅಕ್ಕಿ ತಪ್ಪಿದರೆ ಹೋಗುತ್ತಾರೆ. ತಲೆಯೊಳಗಿನ ಮಗ್ಗ ಇಷ್ಟಕ್ಕೆಲ್ಲ ನಿಲ್ಲುವಂಥದ್ದಲ್ಲ.

ಇಚಲಕರಂಜಿಗೆ ಮರಳಿದ ಮೊದಲ ಬೆಳಿಗ್ಗೆ ಅವಳು ಅಕ್ಕಿಯನ್ನು ಒಮ್ಮೆ ನೋಡಿ, ತೊಳೆದು, ಕುಕ್ಕರಿನಲ್ಲಿಟ್ಟು ಮುಚ್ಚಳ ಹಾಕಿದಳು. ಎದೆ ಹಾರಲು ಶುರುವಾಯಿತು. ಹೊರಗೆ ಹೋದಳು, ಒಳಗೆ ಬಂದಳು. ತುಳಸಿಗೆ ನೀರು ಹಾಕಿದಳು, ಹಾಕಿದ್ದು ಮರೆತು ಮತ್ತೆ ಹಾಕಿದಳು. ನಮೋಕಾರ ಮಂತ್ರ ಹೇಳಿಕೊಳ್ಳಲು ಹೋದರೆ ಅದರ ನಡುವೆಯೇ ನುಸಿ ಹರಿದಾಡಿತು. ಕುಕ್ಕರಿನ ಸೀಟಿ ಬರುವ ಮೊದಲೇ ಓಡಿಹೋಗಿ ಗ್ಯಾಸು ಆರಿಸಿ, ಮುಚ್ಚಳ ತೆಗೆದು, ಅರೆಬೆಂದ ಅಕ್ಕಿಯನ್ನು ಅಗಲದ ಪರಾತಕ್ಕೆ ಸುರಿದು ಬೆರಳಿನಿಂದ ಹರಡಿದಳು. ಬೆರಳು ಸುಟ್ಟವು.

ಭೂಪಾಲ ಬಾಗಿಲಲ್ಲಿ ನಿಂತಿದ್ದ. "ನೋಡ್ರಿ, ಏನೂ ಇಲ್ಲ ಹೌದಲ್ಲ?" ಎಂದಳು, ಹಳೆಯ ದನಿಯಲ್ಲಿ.

ಅವನ ಬಾಯಿ ತೆರೆಯಿತು. ಮುಚ್ಚಿತು. "ನಾ ಹೇಳೂ ಹಂಗಿಲ್ಲ" ಎಂದ, ಬಹಳ ಕಷ್ಟಪಟ್ಟು. "ಬೇಕಾದ್ರ ನಿನ್ನ ಮಗ್ಗಲದಾಗ ಕುಂದ್ರತೀನಿ."

ಕೂತ. ಇಬ್ಬರೂ ಪರಾತದ ಮುಂದೆ ಸತ್ತವರ ಮನೆಯಲ್ಲಿ ಕೂತವರಂತೆ ಕೂತರು. ಅಂದು ಅನ್ನವಾಗಲಿಲ್ಲ.

ಮರುದಿನ ಒಮ್ಮೆ ನೋಡಿ ಬಿಟ್ಟಳು, ಅನ್ನವಾಯಿತು. ಎರಡು ದಿನ ಎಲ್ಲ ನೆಟ್ಟಗಾದಂತೆ ಕಂಡಿತು. ಮೂರನೆಯ ದಿನ ಹಿತ್ತಲಿಗೆ ಹೋದರೆ, ಮಾಣಿಕಬಾಯಿ ಕನ್ನಡಕ ಮೂಗಿನ ತುದಿಗೆ ತಂದುಕೊಂಡು ಅಡಿಗೆಗೆ ತೆಗೆದಿಟ್ಟ ಅಕ್ಕಿಯನ್ನು ಕದ್ದು ಹಸನು ಮಾಡುತ್ತಿದ್ದಳು.

"ಅತ್ತೀ!"

"ನಿನಗ ನೋಡಬ್ಯಾಡ ಅಂದಾರ. ನನಗ ಅಂದಿಲ್ಲ." ಮುದುಕಿ ಮೊರ ಬಿಡಲಿಲ್ಲ. "ದಿನಾ ನಾ ನೋಡಿ ಇಡಾಕತ್ತೇನಿ, ಅದಕ್ಕ ನಿನಗ ಆರಾಮ ಆಗೈತಿ. ಡಾಕ್ಟರಂತ, ಗುಳಗಿಯಂತ!"

ಹಾಗಾದರೆ ಆ ಎರಡು ದಿನದ ಧೈರ್ಯ ಸುಳ್ಳು. ಸಿಟ್ಟು ಬಂತು, ಅಳು ಬಂತು. ಎರಡನ್ನೂ ನುಂಗಿ ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ಅತ್ತೀ, ನೀವು ನನ್ನ ಸಲುವಾಗಿ ನೋಡ್ತೀರಿ. ನಾಳಿ ನಾ ಪಿಯೂನ ಸಲುವಾಗಿ ನೋಡ್ತೀನಿ. ಅಕಿ ಆಮ್ಯಾಲ ಯಾರ ಸಲುವಾಗಿ ನೋಡಬೇಕು? ಅಕಿ ನಿನ್ನಿ ಹಾಲೂ ಸೋಸಿ ಕುಡದ್ಲು, ನಿಮ್ಮ ಕಣ್ಣ ಮುಂದನ."

ಮಾಣಿಕಬಾಯಿ ಮೊರ ಕೆಳಗಿಟ್ಟು, "ಸೋಸಿದ್ದನ್ನ ಎರಡ ಸಲ ಸೋಸಿದ್ಲು" ಎಂದಳು, ಯಾರಿಗೋ ಎಂಬಂತೆ. "ನಾನೂ ನೋಡೇನಿ."

ಬಾಳಕ್ಕ ಮತ್ತೊಮ್ಮೆ ಡಬ್ಬಿ ಹೊತ್ತು ಬಂದಾಗ ಬಾಗಿಲಿಗೆ ಹೋದವಳು ಮಾಣಿಕಬಾಯಿಯೇ. "ನಮ್ಮಾಕಿ ಇನ್ನ ಮಂದೀ ಅಕ್ಕಿ ಹಸನ ಮಾಡೂದಿಲ್ಲವಾ. ನಿನ್ನ ಸೊಸಿ ಕೈಯಾಗ ಮೊಬೈಲ ಕಸಗೊಂಡು ಮೊರಾ ಕೊಡು." ಬಾಳಕ್ಕ ಓಣಿಯ ತುಂಬ ರತ್ನಮಾಲಾಳಿಗೆ ಗರ್ವ ಬಂದಿದೆ ಎಂದು ಹೇಳಿಕೊಂಡು ಬಂದಳು. ಅದು ಕಿವಿಗೆ ಬಿದ್ದಾಗ ರತ್ನಮಾಲಾಳ ಕೈ ತಾನಾಗಿ ನಳದ ಕಡೆಗೆ ಹೋಯಿತು. ನಳ ತಿರುವಿದಳು, ನಿಲ್ಲಿಸಿದಳು, ಒದ್ದೆಯಾಗದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಭಾನುವಾರ. ಮಗ್ಗಗಳಿಗೆ ರಜೆ, ಓಣಿ ಕಿವುಡಾದಂತೆ ಮೌನ. ಅಕ್ಕಿಯನ್ನು ಅವಳೇ ಒಮ್ಮೆ ನೋಡಿದ್ದಳು. ಅತ್ತೆ ಇಡೀ ಬೆಳಿಗ್ಗೆ ಅಡಿಗೆಮನೆಗೆ ಬೆನ್ನು ಮಾಡಿ ಜಗಲಿಯಲ್ಲಿ ಕೂತಿದ್ದಳು, ಕೂತದ್ದು ಎಲ್ಲರಿಗೂ ಕಾಣಲಿ ಎಂಬಂತೆ. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ತಾಟುಗಳು ಬಿದ್ದವು. ಭೂಪಾಲ ಕೂತ, ಮಾಣಿಕಬಾಯಿ ಕೂತಳು. ಪ್ರಿಯದರ್ಶನಿ ತಾಟಿನ ಮುಂದೆ ಕೂತು ಕೈ ಮಡಿಲಲ್ಲಿ ಇಟ್ಟುಕೊಂಡಳು.

"ಮಮ್ಮಿ, ನೋಡೀಯೇನ?"

"ನೋಡೇನಿ."

"ಎಷ್ಟ ಸಲ?"

"ಒಮ್ಮೆ."

ಹುಡುಗಿಯ ಹುಬ್ಬು ಕೂಡಿದವು. ತಾಟನ್ನು ಬೆಳಕಿನ ಕಡೆಗೆ ಎಳೆದುಕೊಂಡು ಬೆರಳ ತುದಿಯಿಂದ ಒಂದು ಅಗುಳನ್ನು ಪಕ್ಕಕ್ಕೆ ಸರಿಸಿದಳು, ಇನ್ನೊಂದನ್ನು ಸರಿಸಿದಳು. "ಇನ್ನೊಮ್ಮೆ ನೋಡ ಮಮ್ಮಿ. ಒಂದ ಸಲ ಅಷ್ಟ."

ನೋಡಿಬಿಡು, ಎಂದಿತು ಒಳಗೆ. ಕೂಸು ಕೇಳುತ್ತಿದೆ. ಇದೊಂದು ಸಲ ನೋಡಿದರೆ ಅವಳು ಉಣ್ಣುತ್ತಾಳೆ, ಆಮೇಲೆ ನಾಳೆಯಿಂದ ಬಿಡಬಹುದು. ಭೂಪಾಲ ತನ್ನ ತಾಟನ್ನು ದಿಟ್ಟಿಸಿ ನೋಡುತ್ತ ತುಟಿ ಕಚ್ಚಿಕೊಂಡಿದ್ದ. ರತ್ನಮಾಲಾಳ ಅಂಗೈ ಬೆವೆತಿತ್ತು, ಕಿವಿಯಲ್ಲಿ ರಕ್ತ ಬಡಿಯುತ್ತಿತ್ತು. ಅವಳು ಮಗಳ ಎದುರಿಗೆ ತನ್ನ ತಾಟು ಎಳೆದುಕೊಂಡು ಕೂತಳು. ಅನ್ನಕ್ಕೆ ಸಾರು ಕಲಸಿದಳು. ಕಣ್ಣನ್ನು ತಾಟಿನಿಂದ ಎತ್ತಿ ಮಗಳ ಮುಖದಲ್ಲಿಟ್ಟಳು. ಕೆಳಗೆ ನೋಡದೆಯೇ ತುತ್ತು ಎತ್ತಿ ಬಾಯಿಗೆ ಹಾಕಿಕೊಂಡಳು. ಅದು ಹುಲ್ಲಿನಂತೆ ಬಾಯಲ್ಲಿ ತಿರುಗಿತು. ನುಂಗಿದಳು.

ಪ್ರಿಯದರ್ಶನಿ ಅನ್ನ ನೋಡುವುದನ್ನು ಬಿಟ್ಟು ತಾಯಿಯನ್ನು ನೋಡುತ್ತಿದ್ದಳು.

"ನಿನಗ ಹೆದರಿಕಿ ಆಗೂದಿಲ್ಲ?"

"ಆಗತೈತಿ."

"ಈಗೂ?"

"ಈಗೂ ಆಗಾಕತ್ತೈತಿ. ಎದಿ ಮ್ಯಾಲ ಕೈ ಇಟ್ಟ ನೋಡು ಬೇಕಾದ್ರ."

ಹುಡುಗಿ ನಿಜವಾಗಿಯೂ ಮುಂದಕ್ಕೆ ಬಾಗಿ ಅಂಗೈ ಇಟ್ಟು ನೋಡಿದಳು. ಕಣ್ಣು ದೊಡ್ಡದಾಯಿತು. "ಅಬಬಬಾ, ಪಪ್ಪಾನ ಮಗ್ಗದಂಗ!"

ಮಾಣಿಕಬಾಯಿಯ ಬಾಯಲ್ಲಿದ್ದ ಮಜ್ಜಿಗೆ ನೆತ್ತಿಗೇರಿ ಕೆಮ್ಮು ಬಂತು. ಭೂಪಾಲ ಬೆನ್ನು ತಟ್ಟಿದ.

"ಮತ್ತ ಹೆಂಗ ಉಣ್ಣತಿ?" ಎಂದು ಕೇಳಿದಳು ಪ್ರಿಯದರ್ಶನಿ.

"ಹೊಡಕೋಲಿ ಅದು. ಹೊಡಕೋತ ಹೊಡಕೋತನ ಉಣ್ಣೂದು. ಉಣ್ಣು ನೀನೂ."

ಹುಡುಗಿ ಬಹಳ ಹೊತ್ತು ಕೂತಳು. ಸಾರು ಆರಿತು. ರತ್ನಮಾಲಾ ಇನ್ನೊಮ್ಮೆ ಉಣ್ಣೆನ್ನಲಿಲ್ಲ, ಎರಡನೆಯ ತುತ್ತು ತೆಗೆದುಕೊಂಡಳು. ಆಮೇಲೆ ಆ ಸಣ್ಣ ಬೆರಳುಗಳು, ಸರಿಸಿಟ್ಟ ಅಗುಳುಗಳನ್ನೂ ಸೇರಿಸಿಯೇ, ಒಂದು ತುತ್ತು ಮಾಡಿದವು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಪ್ರಿಯದರ್ಶನಿ ಅದನ್ನು ಬಾಯಿಗೆ ಹಾಕಿಕೊಂಡಳು, ಔಷಧ ನುಂಗುವವರ ಹಾಗೆ. ಇನ್ನೊಂದು ತುತ್ತು ತಿಂದಳು. ಅರ್ಧ ತಾಟಿಗೆ, "ಸಾಕ ನನಗ, ಇವತ್ತ ಇಷ್ಟ" ಎಂದು ಎದ್ದಳು. ಕೈ ತೊಳೆಯಲು ನಳಕ್ಕೆ ಹೋದಳು. ಅಲ್ಲಿ ನೀರು ಬಹಳ ಹೊತ್ತು ಸುರಿಯಿತು.

ರತ್ನಮಾಲಾ ಏಳಲಿಲ್ಲ. ನೀರಿನ ಸದ್ದು ಕೇಳುತ್ತ ಮೂರನೆಯ ತುತ್ತು ಕಲಸಿದಳು. ಎದೆ ಇನ್ನೂ ಇಳಿದಿರಲಿಲ್ಲ.